ರಿಪೋರ್ಟ್ ಬಂದ ಮೇಲೆ ಯಾರನ್ನು ಕೇಳಬೇಕು?

ಸ್ಕ್ಯಾನ್ ರಿಪೋರ್ಟ್ ಈಗ ಡಾಕ್ಟರಿಗಿಂತ ಮೊದಲು ಮನೆಯವರ ವಾಟ್ಸಾಪ್‌ಗೆ ಬಂದು ಬೀಳುತ್ತದೆ. ಕಳೆದ ವರ್ಷ ನಮ್ಮ ಅತ್ತೆಯದೂ ಹಾಗೇ ಬಂತು, ಶನಿವಾರ ಸಂಜೆ. ಕೆಮ್ಮು ಬಿಡದೆ ಕಾಡುತ್ತಿದ್ದುದರಿಂದ ಊರಿನ ಡಾಕ್ಟರು ಎಕ್ಸ್‌ರೇ ತೆಗೆಸಿದ್ದರು. ಅದರಲ್ಲಿ ಏನೋ ಸರಿ ಕಾಣದೆ ಶಿವಮೊಗ್ಗಕ್ಕೆ ಹೋಗಿ ಎದೆಯ ಸಿಟಿ ಮಾಡಿಸಲು ಬರೆದುಕೊಟ್ಟರು. ಅದರ ರಿಪೋರ್ಟಿನಲ್ಲಿ ಇದ್ದದ್ದು: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 14 ಮಿಲಿಮೀಟರ್ ಗಂಟು, ಅಂಚು ಮುಳ್ಳುಮುಳ್ಳು. ಟಿಬಿ ಇರಬಹುದೇ, ಕ್ಯಾನ್ಸರ್ ಇರಬಹುದೇ ಎಂದು ಎರಡರ ಮುಂದೆಯೂ ಪ್ರಶ್ನೆಯ ಗುರುತು. ಕೆಳಗೆ ಬಯಾಪ್ಸಿ ಸೂಚಿಸಲಾಗಿದೆ ಎಂಬ ಒಂದು ಸಾಲು, ಒಂದು ಸಹಿ.

ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಕಾಂಪೌಂಡರ್, "ಸಾರ್ ಊರಲ್ಲಿಲ್ಲ, ಬುಧವಾರ ಟೋಕನ್ ತಗೊಂಡು ಬನ್ನಿ" ಎಂದರು. ಸ್ಕ್ಯಾನ್ ಸೆಂಟರಿನವರು, "ರಿಪೋರ್ಟ್ ಕಳಿಸಿದೀವಲ್ಲ ಮೇಡಂ, ನಿಮ್ಮ ಡಾಕ್ಟರ್‌ಗೆ ತೋರಿಸಿ" ಎಂದರು. ಇಬ್ಬರದೂ ಸುಳ್ಳಲ್ಲ. ಸ್ಕ್ಯಾನ್ ಬರೆದುಕೊಟ್ಟವರು ರೋಗಿ ಬಂದೇ ಬರುತ್ತಾರೆ ಅಂದುಕೊಂಡಿರುತ್ತಾರೆ. ಸ್ಕ್ಯಾನ್ ಓದಿದವರ ಕೆಲಸ ರಿಪೋರ್ಟ್ ಕಳಿಸಿದಲ್ಲಿಗೆ ಮುಗಿದಿರುತ್ತದೆ. ಮುಂದೆ ಚಿಕಿತ್ಸೆ ಕೊಡಬೇಕಾದವರಿಗೆ ಇಂಥ ರೋಗಿಯೊಬ್ಬರು ಇರುವುದೇ ಗೊತ್ತಿರುವುದಿಲ್ಲ. ಈ ಮೂವರ ನಡುವೆ ಆ ಕಾಗದಕ್ಕೆ ವಾರಸುದಾರರಿಲ್ಲ. ಇಂಥ ಮನೆಗಳಲ್ಲಿ ವಾರಗಟ್ಟಲೆ ಹಾಳಾಗುವುದು ಬಹುಮಟ್ಟಿಗೆ ಇದರಿಂದಲೇ ಎಂದು ನನಗೆ ಆಗ ಅರ್ಥವಾಯಿತು.

ಡಾಕ್ಟರ ಸ್ವಂತ ನಂಬರ್ ನಮ್ಮ ಬಳಿ ಇತ್ತು. ಆದರೆ ಹತ್ತು ಪುಟದ ಪಿಡಿಎಫ್ ಕಳಿಸಿ "ದಯವಿಟ್ಟು ನೋಡಿ ಸರ್" ಎಂದರೆ ದಾರಿಯಲ್ಲಿರುವ ಮನುಷ್ಯ ಏನು ನೋಡಿಯಾರು? ಹಾಗಾಗಿ ಇಷ್ಟನ್ನೇ ಕಳಿಸಿದೆವು: ಅತ್ತೆಯ ಹೆಸರು, ವಯಸ್ಸು, ಯಾವ ದಿನ ಸಿಟಿ ಬರೆದುಕೊಟ್ಟಿದ್ದರು, ರಿಪೋರ್ಟಿನ ಕೊನೆಯ ನಾಲ್ಕು ಸಾಲಿನ ಫೋಟೊ, ಕಫದಲ್ಲಿ ರಕ್ತ ಇಲ್ಲ, ಉಸಿರಾಟಕ್ಕೆ ತೊಂದರೆ ಇಲ್ಲ ಎಂಬ ಮಾತು, ಕಡೆಗೆ ಒಂದೇ ಪ್ರಶ್ನೆ: "ಇದಕ್ಕೆ ಬುಧವಾರದವರೆಗೆ ಕಾಯಬಹುದೇ, ಈಗಲೇ ಎದೆರೋಗ ತಜ್ಞರ ಹತ್ತಿರ ಹೋಗಬೇಕೇ?" ರಾತ್ರಿ ಉತ್ತರ ಬಂತು. ಕಾಯುವುದು ಬೇಡ, ನೇರ ತಜ್ಞರನ್ನು ನೋಡಿ, ನಾನು ಅವರಿಗೆ ಹೇಳಿರುತ್ತೇನೆ. "ಇದು ಕ್ಯಾನ್ಸರಾ?" ಎಂದು ಕೇಳಿದ್ದರೆ ಯಾವ ಡಾಕ್ಟರೂ ಫೋನಿನಲ್ಲಿ ಉತ್ತರಿಸಲಾರರು, ಉತ್ತರಿಸಲೂಬಾರದು. ಎಷ್ಟು ಅವಸರ ಎಂಬುದನ್ನು ಮಾತ್ರ ಅವರು ಕೂತಲ್ಲಿಂದಲೇ ಹೇಳಬಲ್ಲರು, ಆ ಹೊತ್ತಿಗೆ ಮನೆಯವರಿಗೆ ಬೇಕಾಗಿರುವುದೂ ಅದೇ.

ಸೋಮವಾರ ಬೆಳಿಗ್ಗೆ ಮೊದಲು ಸ್ಕ್ಯಾನ್ ಸೆಂಟರಿಗೇ ಹೋದೆವು. ರಿಪೋರ್ಟಿಗೆ ಸಹಿ ಹಾಕಿದ ರೇಡಿಯಾಲಜಿಸ್ಟ್ ಕೂಡ ವೈದ್ಯರೇ, ಅವರನ್ನು ಭೇಟಿಯಾಗಿ ಕೇಳಬಹುದು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಕೌಂಟರಿನಲ್ಲಿ ಸ್ವಲ್ಪ ಗೊಣಗಿದರು, ಆದರೆ ರೇಡಿಯಾಲಜಿಸ್ಟ್ ಒಳಗೆ ಕರೆದು ಪರದೆಯ ಮೇಲೆ ಆ ಗಂಟನ್ನು ತೋರಿಸಿದರು. 6 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು ಅಪಾಯದ ಅಂಶಗಳೂ ಇಲ್ಲದಿದ್ದರೆ ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಕೂಡ ಬೇಡ, 8 ದಾಟಿದ ಗಟ್ಟಿ ಗಂಟನ್ನು ಹಾಗೆ ಬಿಡುವಂತಿಲ್ಲ ಎಂದು ವಿವರಿಸಿದರು. ಪೆಟ್ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದಾ ಎಂದು ನನ್ನ ಗಂಡ ಕೇಳಿದರು. "ನಮ್ಮ ದೇಶದಲ್ಲಿ ಟಿಬಿ ಗಂಟೂ ಪೆಟ್‌ನಲ್ಲಿ ಹೊಳೆಯುತ್ತೆ, ಅದೊಂದರಿಂದ ತೀರ್ಮಾನ ಆಗಲ್ಲ. ಹಳೇ ಸ್ಕ್ಯಾನ್ ಏನಾದ್ರೂ ಇದೆಯಾ ನೋಡಿ" ಎಂದರು.

ಇತ್ತು! 2021ರ ಕೊರೊನಾ ಎರಡನೇ ಅಲೆಯಲ್ಲಿ ಊರಿಗೆ ಊರೇ ಎದೆಯ ಸಿಟಿ ಮಾಡಿಸಿಕೊಂಡಿತ್ತು. ಆಗ ಎಲ್ಲರೂ ಸೋಂಕಿನ ತೀವ್ರತೆ 25ಕ್ಕೆ ಎಷ್ಟು ಸ್ಕೋರ್ ಎಂದಷ್ಟೇ ನೋಡಿ ಫಿಲ್ಮನ್ನು ಬೀರುವಿನ ಮೇಲೆ ಎಸೆದವರು. ಅದೇ ಗಾತ್ರದ ಗಂಟು ಅದರಲ್ಲೂ ಇದ್ದಿದ್ದರೆ ನಮ್ಮ ಮುಕ್ಕಾಲು ಭಯ ಅಲ್ಲೇ ಕಳೆಯುತ್ತಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಬೆಳೆಯದೆ ಉಳಿದ ಗಟ್ಟಿ ಗಂಟು ಸಾಮಾನ್ಯವಾಗಿ ಕೇಡಿನದಲ್ಲ. ಅತ್ತೆಯ ಹಳೆಯ ಫಿಲ್ಮಿನಲ್ಲಿ ಆ ಜಾಗ ಖಾಲಿ ಇತ್ತು. ಮನಸ್ಸಿಗೆ ಸಮಾಧಾನ ಸಿಗಲಿಲ್ಲ ನಿಜ, ಆದರೆ ಕಾದು ನೋಡೋಣವೇ ಎಂಬ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಈಗ ಯಾರೇ ಕೇಳಿದರೂ ನಾನು ಮೊದಲು ಹೇಳುವುದು: ಕೊರೊನಾ ಕಾಲದ ಆ ಫಿಲ್ಮು, ಸಿಡಿ ಬಿಸಾಡಬೇಡಿ. ಇಲ್ಲದಿದ್ದರೆ ಮಾಡಿಸಿದಲ್ಲಿ ಹೋಗಿ ಕೇಳಿ. ರೋಗಿಯೋ ಅವರು ಒಪ್ಪಿಗೆ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳಿದೆ. ಆದರೆ ಆ ನಿಯಮದಂತೆ ಒಳರೋಗಿಗಳ ದಾಖಲೆಯನ್ನೇ ಅವರು ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ ಮಾತ್ರ. ಹಾಗಾಗಿ ಸಿಡಿಯನ್ನು ಸ್ಕ್ಯಾನ್ ಮಾಡಿಸಿದ ದಿನವೇ ಕೇಳಿ ಪಡೆದುಕೊಳ್ಳುವುದು ಲೇಸು.

ಎದೆರೋಗ ತಜ್ಞರು ಸಿಟಿ ನೋಡಿಕೊಂಡು ಸೂಜಿಯಿಂದ ಬಯಾಪ್ಸಿ ಮಾಡಲು ನಿರ್ಧರಿಸಿದರು. ಅವರು ಹೇಳಿಕೊಟ್ಟ ಒಂದು ಸಂಗತಿ ಎಲ್ಲ ಮನೆಗೂ ಗೊತ್ತಿರಬೇಕು ಅನ್ನಿಸುತ್ತದೆ. ತೆಗೆದ ತುಣುಕನ್ನು ಪೂರ್ತಿಯಾಗಿ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕ್ಯಾನ್ಸರ್ ಪರೀಕ್ಷೆಗೆ ಸರಿ, ಆದರೆ ಟಿಬಿ ಕ್ರಿಮಿಯನ್ನು ಕಲ್ಚರ್ ಮಾಡಲು ಆಗುವುದಿಲ್ಲ, ಕ್ರಿಮಿ ಸತ್ತಿರುತ್ತದೆ. ಸ್ವಲ್ಪ ತುಣುಕು ಸಲೈನಿನಲ್ಲಿ ಬೇರೆಯಾಗಿ ಹೋಗಬೇಕು. ಇದನ್ನು ಸೂಜಿ ಚುಚ್ಚುವ ಮೊದಲೇ ಹೇಳಬೇಕು, ಇಲ್ಲದಿದ್ದರೆ ಮತ್ತೆ ಬಯಾಪ್ಸಿಗೆ ಮಲಗಬೇಕಾಗಬಹುದು. ಯಾವ ಫಲಿತಾಂಶ ಯಾವಾಗ ಎಂದು ಅವರೇ ಚೀಟಿಯಲ್ಲಿ ಬರೆದರು: ಟಿಬಿ ಕ್ರಿಮಿ ಪತ್ತೆಯ ಸಿಬಿನ್ಯಾಟ್ ಪರೀಕ್ಷೆ ಒಂದೆರಡು ದಿನದಲ್ಲಿ, ಬಯಾಪ್ಸಿ ವಾರದಲ್ಲಿ, ಕಲ್ಚರ್‌ಗೆ ಆರು ವಾರದವರೆಗೂ ಆಗಬಹುದು. ಆ ದಿನ ದಾಟಿದರೆ ಯಾರಿಗೆ ಫೋನ್ ಮಾಡಬೇಕು ಎಂದು ನಾನು ಕೇಳಿದೆ. ವಾರ್ಡಿನ ಸಿಸ್ಟರ್ ನಂಬರ್ ಕೊಟ್ಟರು. ಆ ಚೀಟಿ ಸಿಕ್ಕ ಮೇಲೆ ಮನೆಯಲ್ಲಿ ಎಲ್ಲರೂ ಸ್ವಲ್ಪ ನಿದ್ದೆ ಮಾಡಿದರು. ಕಾಯುವುದು ಅಷ್ಟೇ ಇತ್ತು, ಆದರೆ ಅದಕ್ಕೊಂದು ಕೊನೆಯ ದಿನ ಇತ್ತು.

ಇನ್ನೊಂದು ಮಾತು. ಅಲ್ಲಿಯವರೆಗೂ ಡಾಕ್ಟರುಗಳೆಲ್ಲ ಮಾತಾಡಿದ್ದು ನನ್ನ ಗಂಡನ ಜೊತೆ, ಇಲ್ಲವೇ ನನ್ನ ಜೊತೆ. ಅತ್ತೆಯನ್ನು ಹೊರಗೆ ಕೂರಿಸುವುದು ಎಲ್ಲರಿಗೂ ಸಹಜವೆನಿಸಿತ್ತು. ಬಯಾಪ್ಸಿಯ ಹಿಂದಿನ ದಿನ ಅವರು ತಜ್ಞರ ಮುಂದೆಯೇ, "ನನ್ನ ಎದೆಯೊಳಗಿಂದು ನನಗೆ ಹೇಳದೆ ಇನ್ಯಾರಿಗೆ ಹೇಳ್ತೀರಿ ಡಾಕ್ಟ್ರೇ?" ಎಂದು ಕೇಳಿದರು. ತಜ್ಞರು ಕುರ್ಚಿ ತಿರುಗಿಸಿ ಎಲ್ಲವನ್ನೂ ಹೇಳಿದರು, ಕ್ಯಾನ್ಸರ್ ಎಂಬ ಪದವನ್ನೂ ಬಿಡದೆ. ಅತ್ತೆ ಕುಗ್ಗಲಿಲ್ಲ. ತಮ್ಮ ತಾಯಿಗೆ ಹಿಂದೆ ಟಿಬಿ ಆಗಿದ್ದ ಸಂಗತಿಯನ್ನು, ನಾವ್ಯಾರೂ ಕೇಳಿರದಿದ್ದುದನ್ನು, ಅವರು ಹೇಳಿದ್ದು ಆಗಲೇ. ಉತ್ತರ ಬೇಗ ಸಿಗಬೇಕಾದರೆ ರೋಗಿಯನ್ನು ಕೋಣೆಯೊಳಗೆ ಕೂರಿಸಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಸಿಬಿನ್ಯಾಟ್‌ನಲ್ಲಿ ಟಿಬಿ ಬಂತು, ರಿಫಾಂಪಿಸಿನ್ ಔಷಧ ಕೆಲಸ ಮಾಡುವ ಬಗೆಯದು. ಬಯಾಪ್ಸಿಯೂ ಅದನ್ನೇ ಹೇಳಿತು, ಕ್ಯಾನ್ಸರ್ ಕಣಗಳಿಲ್ಲ. ಖಾಸಗಿ ಆಸ್ಪತ್ರೆಯಾದರೂ ಹೆಸರು ಟಿಬಿ ರೋಗಿಗಳ ಸರ್ಕಾರಿ ನೋಂದಣಿಯಾದ ನಿಕ್ಷಯ್‌ನಲ್ಲಿ ದಾಖಲಾಯಿತು, ಮಾತ್ರೆ ಸರ್ಕಾರದಿಂದ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ. ಬೇರೆ ಮನೆಗೆ ಬೇರೆ ಉತ್ತರ ಬರುತ್ತದೆ, ಗೊತ್ತು. ನಮ್ಮ ಪಕ್ಕದ ಹಾಸಿಗೆಯವರಿಗೆ ಅದೇ ವಾರ ಬಂದದ್ದು ಕ್ಯಾನ್ಸರ್. ಅವರು ರಿಪೋರ್ಟ್ ಹಿಡಿದುಕೊಂಡು ಯಾರನ್ನು ಕೇಳಬೇಕೆಂದು ತಿಳಿಯದೆ ಮಳೆಗಾಲವಿಡೀ ಓಡಾಡಿದ್ದರು. ಅವರಿಗೆ ಆ ತಿಂಗಳುಗಳನ್ನು ವಾಪಸ್ ಕೊಡುವವರು ಯಾರೂ ಇಲ್ಲ. ಚಿಂತೆಯ ರಿಪೋರ್ಟ್ ಬಂದಾಗ ಸ್ಕ್ಯಾನ್ ಸೆಂಟರಿನವರೇ ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡುವ ಪದ್ಧತಿ ಎಲ್ಲ ಕಡೆಯೂ ಬರಬೇಕು.

ಆರು ತಿಂಗಳ ಮಾತ್ರೆ ಮುಗಿದ ಮೇಲೆ ಅತ್ತೆಗೆ ಇನ್ನೊಂದು ಸಿಟಿ ಇತ್ತು. ಅದನ್ನು ಬರೆದುಕೊಡುವಾಗಲೇ, ಯಾರು ನೋಡುತ್ತಾರೆ, ಯಾವ ದಿನ ಹೇಳುತ್ತಾರೆ ಎಂದು ಅತ್ತೆಯೇ ಕೇಳಿದರು. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ತಮ್ಮ ಹೆಸರು, ವಾರ, ಹೊತ್ತು ಬರೆದು ಕೊಟ್ಟರು.