ಮೂಗು ಎತ್ತಿದರೆ ವಿಮಾನ ಏರುತ್ತದೆಯೇ? ಕಂಪ್ಯೂಟರಿನಲ್ಲಿ ಒಂದು ಪ್ರಯೋಗ

ಮಕ್ಕಳೇ, ವಿಮಾನದ ಮೂಗನ್ನು ಮೇಲಕ್ಕೆತ್ತಿದರೆ ವಿಮಾನ ಮೇಲೇರುತ್ತದೆ, ಅಲ್ವಾ? ಹೆಚ್ಚಿನವರು ಹೌದು ಅಂತಲೇ ಹೇಳುತ್ತಾರೆ. ಈ ಉತ್ತರ ಅರ್ಧ ಮಾತ್ರ ಸರಿ. ಪರೀಕ್ಷಿಸಿ ನೋಡಲು ನಿಜವಾದ ವಿಮಾನ ಬೇಡ. ಒಂದು ಕಂಪ್ಯೂಟರ್ ಮತ್ತು ಫ್ಲೈಟ್ ಸಿಮ್ಯುಲೇಟರ್ ಎಂಬ ತಂತ್ರಾಂಶ ಸಾಕು.

ನೆಲದ ಮೇಲೆ ಕೂತು ಹಾರಾಟ ಕಲಿಯುವುದು ಹೊಸ ವಿಚಾರವೇನಲ್ಲ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲೇ ಇಂಥ ತರಬೇತಿ ಯಂತ್ರ ಕಟ್ಟಿದ್ದರು. ಅವರ ತಂದೆಯದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ಆರ್ಗನ್ನಿನ ಗಾಳಿತಿದಿಗಳಿಂದಲೇ ಅವರು ಆ ಪುಟ್ಟ 'ವಿಮಾನ'ವನ್ನು ವಾಲಿಸಿದರು, ಓಲಾಡಿಸಿದರು.

ಯಾವುದನ್ನು ಆರಿಸೋಣ?

ಚಿತ್ರ ಚೆಂದ ಇದೆ ಅಂತ ಆರಿಸಬೇಡಿ. ನಿಮ್ಮ ಕಂಪ್ಯೂಟರಿಗೆ ಯಾವುದು ಹೊರಲು ಸಾಧ್ಯವೋ ಅದನ್ನು ಆರಿಸಿ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ ಡಿಸ್ಕಿನಲ್ಲಿ 150 ಜಿಬಿ ಜಾಗ ಬೇಕು, ದುಡ್ಡೂ ಕೊಡಬೇಕು. ಫ್ಲೈಟ್‌ಗೇರ್ ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಚಿತ್ರ ತಡೆತಡೆದು ಬಂದರೆ ಚಿತ್ರದ ಗುಣಮಟ್ಟ ಇಳಿಸಿ. ಜಾಯ್‌ಸ್ಟಿಕ್ ಇಲ್ಲದಿದ್ದರೂ ಪರವಾಗಿಲ್ಲ, ಕೀಬೋರ್ಡ್ ಸಾಕು.

ವಿಮಾನ ಆರಿಸುವಾಗ ದೊಡ್ಡ ಜೆಟ್ ಬೇಡ. ಒಂದೇ ಎಂಜಿನ್ನಿನ ಸೆಸ್ನಾ 172 ಆರಿಸಿ. ಅದು ನಿಧಾನವಾಗಿ ಹಾರುತ್ತದೆ. ನಿಮಗೆ ಯೋಚಿಸಲು ಸಮಯ ಸಿಗುತ್ತದೆ.

ಹಾರುವ ಮೊದಲು

ಕೆಳಮುಖ ಬಾಣದ ಕೀಲಿ ಒತ್ತಿದರೆ ಮೂಗು ಮೇಲೇಳುತ್ತದೆ, ಮೇಲ್ಮುಖ ಬಾಣ ಒತ್ತಿದರೆ ತಗ್ಗುತ್ತದೆ. ತಿರುವುಮುರುವು ಅನಿಸಿತೇ? ಪೈಲಟ್ ಕೈಯಲ್ಲಿರುವ ಹಿಡಿಯನ್ನು ತನ್ನ ಕಡೆಗೆ ಎಳೆದರೆ ಮೂಗು ಏಳುವುದು, ಮುಂದಕ್ಕೆ ತಳ್ಳಿದರೆ ತಗ್ಗುವುದು, ಅದರಂತೆಯೇ ಇದೂ. ಪೇಜ್‌ಅಪ್ ಎಂಜಿನ್ನಿನ ಶಕ್ತಿ ಹೆಚ್ಚಿಸುತ್ತದೆ, ಪೇಜ್‌ಡೌನ್ ಇಳಿಸುತ್ತದೆ. ಕೀಲಿಯನ್ನು ಒತ್ತಿ ಹಿಡಿಯಬೇಡಿ, ತಟ್ಟಿ ಬಿಡಿ. ವೇಗಮಾಪಕ, ಎತ್ತರಮಾಪಕ ಈ ಎರಡರ ಮೇಲೆ ಕಣ್ಣಿರಲಿ.

ಮಂಗಳೂರು ವಿಮಾನ ನಿಲ್ದಾಣದ ಸಂಕೇತ ವಿಒಎಂಎಲ್, ಅಲ್ಲಿಂದಲೇ ಹೊರಡಬಹುದು. ಪೂರ್ತಿ ಶಕ್ತಿ ಕೊಡಿ. ಸುಮಾರು 55 ನಾಟ್ ವೇಗ ಬಂದಾಗ ಮೂಗನ್ನು ಸ್ವಲ್ಪವೇ ಎತ್ತಿ.

ಪ್ರಯೋಗ

1. 3000 ಅಡಿ ಎತ್ತರದಲ್ಲಿ ವಿಮಾನವನ್ನು ಸಮಮಟ್ಟದಲ್ಲಿ ಹಾರಿಸಿ. ವೇಗ ಬರೆದುಕೊಳ್ಳಿ.
2. ಎಂಜಿನ್ ಶಕ್ತಿ ಪೂರ್ತಿ ಇಳಿಸಿ. ಎತ್ತರ ಕಡಿಮೆಯಾಗದಂತೆ ಮೂಗನ್ನು ಸ್ವಲ್ಪಸ್ವಲ್ಪವೇ ಎತ್ತುತ್ತಾ ಹೋಗಿ.
3. ವೇಗ ಇಳಿಯುತ್ತಲೇ ಇರುತ್ತದೆ. ಸುಮಾರು 50 ನಾಟ್ ಹತ್ತಿರ ಎಚ್ಚರಿಕೆಯ ಸದ್ದು ಕೇಳುತ್ತದೆ. ಇನ್ನೂ ಎತ್ತಿದರೆ ವಿಮಾನ ಏರುವುದಿಲ್ಲ, ಬೀಳುತ್ತದೆ! ಇದೇ ಸ್ಟಾಲ್.
4. ಈಗ ಮೂಗು ತಗ್ಗಿಸಿ, ಪೂರ್ತಿ ಶಕ್ತಿ ಕೊಡಿ. ವೇಗ ಬಂದ ಮೇಲೆ ಸಮಮಟ್ಟಕ್ಕೆ ತನ್ನಿ. ಎಷ್ಟು ಅಡಿ ಕಳೆದುಕೊಂಡಿರಿ ಎಂದು ಬರೆಯಿರಿ. ಮೂರು ಸಲ ಮಾಡಿ.

ಹೀಗೇಕೆ?

ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗವಾಗುತ್ತದೆ. ಕೊರತೆ ತುಂಬಲು ರೆಕ್ಕೆ ಗಾಳಿಗೆ ಇನ್ನಷ್ಟು ಓರೆಯಾಗಬೇಕು. ನಾವು ಮೂಗು ಎತ್ತಿದ್ದು ಅದಕ್ಕೇ. ಆದರೆ ಸುಮಾರು 15 ಡಿಗ್ರಿ ದಾಟಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಹೋಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಮೂಗು ತಗ್ಗಿಸಿದರೆ ಮಾತ್ರ ಗಾಳಿ ಮತ್ತೆ ರೆಕ್ಕೆಗೆ ಅಂಟುತ್ತದೆ.

ಬೀಳುವಾಗ ಮೇಲಕ್ಕೆ ಎಳೆಯಬೇಕು ಅನಿಸುವುದು ಸಹಜ. ಅಲ್ಲೇ ಅಪಾಯ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು, ವೇಗದ ಲೆಕ್ಕ ತಪ್ಪಿತು. ಮೂಗು ಎತ್ತಲ್ಪಟ್ಟು ವಿಮಾನ ಸ್ಟಾಲ್ ಆಯಿತು. ಕೊನೆವರೆಗೂ ಅದರಿಂದ ಹೊರಬರಲಿಲ್ಲ. ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನ ಸತ್ತರು. ಅನಿಸಿಕೆಗಿಂತ ಅಭ್ಯಾಸ ಗಟ್ಟಿಯಾಗಿರಬೇಕು. ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ತರಬೇತಿ ಕೊಡುವುದು ಅದಕ್ಕೇ.

ಮನೆಯ ಸಿಮ್ಯುಲೇಟರ್ ನಿಮ್ಮನ್ನು ಪೈಲಟ್ ಮಾಡುವುದಿಲ್ಲ. ಮೈಮೇಲೆ ಬೀಳುವ ಬಲ, ಕುಲುಕಾಟ ಅದರಲ್ಲಿ ತಿಳಿಯದು. ಆದರೆ ಪಾಠದ ಸೂತ್ರವೊಂದು ಕಣ್ಣೆದುರೇ ನಡೆಯುವುದನ್ನು ಅದು ತೋರಿಸುತ್ತದೆ.

ಯೋಚಿಸಿ

1. 1 ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಹಾಗಾದರೆ 55 ನಾಟ್ ಎಷ್ಟು?
2. ಈ ಪ್ರಯೋಗವನ್ನು 300 ಅಡಿಯಲ್ಲಿ ಏಕೆ ಮಾಡಬಾರದು? ನೀವು ಬರೆದುಕೊಂಡ ಅಂಕಿಗಳಿಂದಲೇ ಉತ್ತರಿಸಿ.