ಬಾಗುವ ಅಚ್ಚು

ವೃತ್ತದ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸಾರ್, ಜ್ಯಾ, ಕಂಸ ಇವನ್ನೆಲ್ಲ ಕಲಿತು ಆಗುವ ಪ್ರಯೋಜನವೇನು?" ಎಂದು ಕೇಳಿದನು. ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಉತ್ತರವನ್ನು ನಾವು ಈ ಪಟ್ಟಣದ ಬೀದಿಯಲ್ಲಿಯೇ ಹುಡುಕೋಣ.

ಹಸಿ ಕಾಂಕ್ರೀಟಿಗೆ ತನ್ನದೆಂಬ ಆಕಾರವಿಲ್ಲ. ಇಡ್ಲಿಯ ಹಿಟ್ಟಿನಂತೆ ಅದು ಹೊಯ್ದ ಪಾತ್ರೆಯ ರೂಪವನ್ನೇ ತಾಳುತ್ತದೆ. ಆ ಪಾತ್ರೆಯೇ ಅಚ್ಚು; ಕೆಲಸಗಾರರ ಬಾಯಲ್ಲಿ ಅದು 'ಸೆಂಟ್ರಿಂಗ್'. ಬಾವಿಗೆ ಇಳಿಸುವ ಸಿಮೆಂಟಿನ ರಿಂಗುಗಳನ್ನು ಮಾಡುವವರು ಒಳಗೊಂದು ಹೊರಗೊಂದು ತಗಡಿನ ಅಚ್ಚನ್ನಿಟ್ಟು ನಡುವೆ ಕಾಂಕ್ರೀಟು ತುಂಬುತ್ತಾರೆ. ರಿಂಗುಗಳೆಲ್ಲ ಒಂದೇ ಅಳತೆಯವಾದುದರಿಂದ ಅದೇ ಅಚ್ಚು ಮತ್ತೆ ಮತ್ತೆ ಒದಗುತ್ತದೆ. 2017ರಿಂದ ನಮ್ಮ ನಗರದ ನೆಲದಡಿ ಓಡುತ್ತಿರುವ ಮೆಟ್ರೋ ರೈಲಿನ ಸುರಂಗದ ಒಳಗೋಡೆಯ ತುಂಡುಗಳೂ ಹೀಗೆಯೇ ಉಕ್ಕಿನ ಅಚ್ಚುಗಳಲ್ಲಿ ಸಿದ್ಧವಾದವು.

ಆದರೆ ಬಾಗು ಎಲ್ಲೆಡೆ ಒಂದೇ ಆಗಿರದಿದ್ದರೆ? 2008ರಲ್ಲಿ ತೆರೆದ ಕತ್ತಿಪಾರಾ ಮೇಲ್ಸೇತುವೆಯನ್ನು ನೆನೆಯಿರಿ. ನೆಟ್ಟನೆಯ ದಾರಿಯಿಂದ ಹೊರಳಿ ಸುತ್ತುವ ಅದರ ದಾರಿಗಳು ಎಲ್ಲೆಡೆ ಸಮನಾಗಿ ಬಾಗಿಲ್ಲ. ಇಂಥ ದಾರಿಯ ಅಂಚುಗೋಡೆಗೆ ಮರವನ್ನು ಕೊಯ್ದು ಅಚ್ಚು ಮಾಡಿದರೆ, ಒಂದು ತಿರುವಿನದು ಇನ್ನೊಂದಕ್ಕೆ ಹೊಂದದು. ಮರವೂ ಬಡಗಿಯ ಶ್ರಮವೂ ಒಂದೇ ಬಳಕೆಗೆ ಮುಗಿಯುತ್ತವೆ.

ಈ ನಷ್ಟವನ್ನು ತಪ್ಪಿಸಲೆಂದೇ ಬಾಗಿಸಬಹುದಾದ ಅಚ್ಚು ಬಂದಿದೆ. ಪ್ಲೈವುಡ್ಡಿನ ಹಲಗೆಯ ಬೆನ್ನಿಗೆ ಉಕ್ಕಿನ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ತಿರುಪಿನ ಸರಳುಗಳನ್ನು ಜೋಡಿಸಿರುತ್ತಾರೆ. ತಿರುಪನ್ನು ತಿರುಗಿಸಿದಂತೆ ಸರಳು ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ. ಹಲಗೆ ಅದಕ್ಕೆ ತಕ್ಕಂತೆ ಬಾಗುತ್ತದೆ.

ಎಷ್ಟು ಬಾಗಬೇಕು? ಇಲ್ಲಿಯೇ ನಮ್ಮ ಪಾಠ ಬೇಕಾಗುವುದು. ಕಂಸವು ಬಿಲ್ಲು, ಜ್ಯಾ ಅದರ ಹೆದೆ ಎಂದು ಭಾವಿಸಿರಿ. ಹೆದೆಯ ನಡುವಿನಿಂದ ಬಿಲ್ಲಿಗಿರುವ ಅಂತರವೇ 'ಶರ'. ಶರವನ್ನು ವ್ಯಾಸದ ಉಳಿದ ಭಾಗದಿಂದ ಗುಣಿಸಿದರೆ ಅರ್ಧಜ್ಯಾದ ವರ್ಗ ಬರುವುದೆಂದು ಆರ್ಯಭಟನು 'ಆರ್ಯಭಟೀಯ'ದ ಗಣಿತಪಾದದಲ್ಲಿ ತಿಳಿಸಿದ್ದಾನೆ. ಶರವು ಬಹು ಚಿಕ್ಕದಾಗಿದ್ದರೆ, ಅರ್ಧಜ್ಯಾದ ವರ್ಗವನ್ನು ವ್ಯಾಸದಿಂದಲೇ ಭಾಗಿಸಿದರೆ ಸಾಕು. ಜ್ಯಾ 2 ಮೀಟರ್, ತ್ರಿಜ್ಯ 25 ಮೀಟರ್ ಆಗಿರಲಿ. ಆಗ 1ನ್ನು 50ರಿಂದ ಭಾಗಿಸಬೇಕು. ಶರ 2 ಸೆಂಟಿಮೀಟರ್. ತ್ರಿಜ್ಯ 50 ಮೀಟರ್ ಆದರೆ ಶರ 1 ಸೆಂಟಿಮೀಟರ್. ಒಂದು ಸೆಂಟಿಮೀಟರಿನ ಈ ವ್ಯತ್ಯಾಸಕ್ಕಾಗಿ ಹೊಸ ಅಚ್ಚು ಬೇಡ. ತಿರುಪನ್ನು ತುಸು ತಿರುಗಿಸಿದರಾಯಿತು.

ಲೆಕ್ಕ ಸರಿಯಿದ್ದರೂ ಎಚ್ಚರ ತಪ್ಪಬಾರದು. ಒಂದು ಘನಮೀಟರ್ ಕಾಂಕ್ರೀಟು ಸುಮಾರು 2400 ಕಿಲೋಗ್ರಾಂ ತೂಗುತ್ತದೆ. ಹಸಿಯಾಗಿರುವಾಗ ಅದು ನೀರಿನಂತೆ ಪಕ್ಕಗಳನ್ನು ನೂಕುತ್ತದೆ. ಎರಡು ಬದಿಯ ಅಚ್ಚುಗಳನ್ನು ಬಿಗಿದಿಟ್ಟ ಕಂಬಿಗಳು ಸಡಿಲಿದರೆ ಅಚ್ಚು ಬಿರಿದು, ಹತ್ತಿರ ನಿಂತವರ ಪ್ರಾಣಕ್ಕೇ ಸಂಚಕಾರ. ಸಾಮಾನ್ಯ ಸಿಮೆಂಟಿನ ಗೋಡೆಯ ಅಚ್ಚನ್ನು 16ರಿಂದ 24 ಗಂಟೆ ಕಳೆದ ಮೇಲೆಯೇ ತೆಗೆಯಬೇಕೆಂದು 2000ದ ಭಾರತೀಯ ಮಾನಕ 456 ಹೇಳುತ್ತದೆ. ತೆಗೆದ ಅಚ್ಚನ್ನು ಕೆರೆದು, ಒರೆಸಿ, ಎಣ್ಣೆ ಸವರಿ ಮುಂದಿನ ತಿರುವಿಗೆ ಒಯ್ಯುತ್ತಾರೆ. ಸೇತುವೆಯ ಮೇಲೆ ಸಾಗುವವರಿಗೆ ಆ ಅಚ್ಚೂ ಕಾಣದು, ಅದನ್ನು ಬಿಗಿದ ಕೈಗಳೂ ಕಾಣವು. ವೃತ್ತದ ಪಾಠ ಕಲಿತ ನೀವಾದರೂ ಅವನ್ನು ನೆನೆಯಿರಿ.

ಅಭ್ಯಾಸ: ದುಂಡುಗೋಡೆಯೊಂದರ ಒಳಮೈಗೆ 2 ಮೀಟರ್ ದಾರವನ್ನು ಬಿಗಿಯಾಗಿ ಹಿಡಿದು, ನಡುವೆ ಶರವನ್ನು ಅಳೆಯಿರಿ. ಕೇಂದ್ರವೆಲ್ಲಿದೆಯೆಂದು ನೋಡದೆಯೇ ತ್ರಿಜ್ಯವನ್ನು ಹೇಳಬಲ್ಲಿರಾ?