ಇನ್ನೂರು ಮೀಟರ್ ದೂರದ ಹಡಗು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದವರಿಗೆ ಕಡಲೆಂದರೆ ಘಟ್ಟದಾಚೆಯ ಮಾತು. ಆದರೂ ಯುದ್ಧನೌಕೆಯ ಪ್ಲಾಸ್ಟಿಕ್ ಕಿಟ್ ಕಟ್ಟುವ ಹುಚ್ಚು ಇಲ್ಲಿಯವರಿಗೂ ಹತ್ತುತ್ತದೆ. ಅಂಟಿಸುವುದು, ಉಜ್ಜುವುದು ಬೇಗ ಕೈಗೆ ಬರುತ್ತದೆ. ಕೆಲಸ ಕೆಡುವುದು ಬಣ್ಣದಲ್ಲಿ. ಅದರಲ್ಲಿ ನಾನು ಕಂಡುಕೊಂಡದ್ದು ಇಷ್ಟು.

1. ಕುಂಚ ಹಿಡಿಯುವ ಮೊದಲು ದೂರ ಲೆಕ್ಕ ಹಾಕಿ.
1:700 ಅಳತೆಯ ಮಾದರಿಯನ್ನು 30 ಸೆಂ.ಮೀ. ದೂರದಿಂದ ನೋಡಿದರೆ ಅಸಲಿ ಹಡಗನ್ನು 210 ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಲ್ಲಿ ನಿಂತ ಲಾರಿಯೊಂದನ್ನು ಹಗಲಲ್ಲಿ ನೋಡಿ. ಟೈರು ಕಪ್ಪಗಿರುವುದಿಲ್ಲ, ಬೂದಿಗೆ ತಿರುಗಿರುತ್ತದೆ, ಕೆಂಪು ಮಂಕಾಗಿರುತ್ತದೆ. ಹಾಗಾಗಿ ಡಬ್ಬಿಯಲ್ಲಿರುವ ಬಣ್ಣ ಎಷ್ಟೇ ಅಸಲಿಯಾದರೂ ಅದಕ್ಕೆ ತುಸು ತಿಳಿಬೂದು ಬೆರೆಸದೆ ಬಳಿಯಬಾರದು. ಅಚ್ಚ ಕಪ್ಪು, ಅಚ್ಚ ಬಿಳಿ ಎರಡೂ ಬೇಡ. ಮುಂದೆ ಹೇಳುವುದರಲ್ಲಿ ಬಹುಪಾಲು ಈ ಲೆಕ್ಕದಿಂದಲೇ ಹುಟ್ಟಿದ್ದು.

2. ಹೆಸರು ಸಾಲದು, ಇಸವಿಯೂ ಬೇಕು.
ನಮ್ಮ ಕಡೆಯವರು ಮೊದಲು ಕೇಳುವುದು ಐಎನ್‌ಎಸ್ ಮೈಸೂರು. ಲಾಂಛನದಲ್ಲಿ ಗಂಡಭೇರುಂಡ ಇದೆಯಲ್ಲ, ಅದಕ್ಕೆ! ಆದರೆ ಯಾವ ಮೈಸೂರು? 1939ರಲ್ಲಿ ನೀರಿಗಿಳಿದ ಬ್ರಿಟಿಷ್ ಕ್ರೂಸರ್ ‘ನೈಜೀರಿಯಾ’ ಮಹಾಯುದ್ಧದಲ್ಲಿ ಕ್ಯಾಮೊಫ್ಲಾಜ್ ಬಣ್ಣ ಹೊತ್ತಿತ್ತು. ಮೊದಲು ಅದಕ್ಕೆ ನಾಲ್ಕು ಗೋಪುರಗಳಲ್ಲಿ 12 ದೊಡ್ಡ ತೋಪುಗಳಿದ್ದವು. ಆಮೇಲೆ ಒಂದು ಗೋಪುರ ತೆಗೆದು 9ಕ್ಕೆ ಇಳಿಸಿದರು. ಅದೇ ಹಡಗು 1957ರ ಆಗಸ್ಟ್ 29ರಂದು ಭಾರತದ ನೌಕಾಪಡೆ ಸೇರಿ ಮೈಸೂರು ಆಯಿತು. 1961ರಲ್ಲಿ ಕಾರವಾರದ ಎದುರಿನ ಅಂಜುದೀವ್ ದ್ವೀಪದ ಕಾರ್ಯಾಚರಣೆಯಲ್ಲಿತ್ತು, 1971ರಲ್ಲಿ ಪಶ್ಚಿಮದ ನೌಕಾಬಲದ ಧ್ವಜನೌಕೆಯಾಗಿತ್ತು. ಆ ಕಾಲಕ್ಕೆ ಮೈಯೆಲ್ಲ ತಿಳಿಬೂದು. 1985ರಲ್ಲಿ ನಿವೃತ್ತಿ. 1999ರಲ್ಲಿ ಅದೇ ಹೆಸರಿನಲ್ಲಿ ಬಂದ ಡೆಸ್ಟ್ರಾಯರ್ ಬೇರೆಯೇ ಹಡಗು. ಅದಕ್ಕೆ ಮರದ ಡೆಕ್ ಬಳಿದರೆ ನಗೆಪಾಟಲು.

ಕಾರವಾರದ ಕಡಲತೀರದಲ್ಲಿ ಕ್ಷಿಪಣಿ ದೋಣಿ ‘ಚಪಲ್’ ಮ್ಯೂಸಿಯಂ ಆಗಿ ನಿಂತಿದೆ. ಒಮ್ಮೆ ಹೋಗಿ ಮೈಗೆ ಕಣ್ಣು ಹತ್ತಿರ ಇಟ್ಟು ನೋಡಿಬನ್ನಿ, ಉಕ್ಕಿನ ತಗಡು, ಬೆಸುಗೆ ಹೇಗಿರುತ್ತವೆಂದು ತಿಳಿಯುತ್ತದೆ. ಬಣ್ಣವನ್ನು ಮಾತ್ರ ನಕಲು ಮಾಡಬೇಡಿ. ಪ್ರದರ್ಶನಕ್ಕೆ ಇಟ್ಟ ಹಡಗಿನ ಬಣ್ಣ ಕಡಲಿನದ್ದಲ್ಲ.

3. ಬಣ್ಣದ ಗೆರೆ ಚೂಪು, ಕಲೆಯ ಗೆರೆ ಮೆತ್ತಗೆ.
ಕೆಳಮೈಯ ಕೆಂಪು ಮೊದಲು, ನೀರುಮಟ್ಟದ ಕರಿಪಟ್ಟಿ ಆಮೇಲೆ, ಬೂದು ಕೊನೆಗೆ. ಹಾವಸೆ, ಚಿಪ್ಪುಹುಳ ಅಂಟದಂತೆ ಬಳಿಯುತ್ತಿದ್ದ ಬಣ್ಣದಲ್ಲಿ ತಾಮ್ರದ ಆಕ್ಸೈಡ್ ಇರುತ್ತಿತ್ತು. ಹಾಗಾಗಿ ಆ ಕೆಂಪು ಇಟ್ಟಿಗೆಯ ಕಡೆಗಿರಲಿ. ಮರದ ತುಂಡಿಗೆ ಪೆನ್ಸಿಲ್ ಕಟ್ಟಿ, ಮೇಜಿನ ಮೇಲೆ ಸರಿಸುತ್ತ ಹಡಗಿನ ಸುತ್ತ ಗೆರೆ ಎಳೆಯಿರಿ. ಟೇಪ್ ಒತ್ತಿದ ಮೇಲೆ ಅದರ ಅಂಚಿಗೆ ಮೊದಲು ಕೆಳಗಿನ ಬಣ್ಣವನ್ನೇ ತೆಳ್ಳಗೆ ಹೊಡೆಯಿರಿ. ಸೋರುವುದಿದ್ದರೆ ಅದೇ ಸೋರಿ ಸಂದು ಮುಚ್ಚುತ್ತದೆ, ಹೊಸ ಬಣ್ಣ ಒಳಗೆ ನುಗ್ಗುವುದಿಲ್ಲ.

ಹಡಗಿನ ಮೈಮೇಲೆ ನೀರಿನ ಕಲೆ ಹೇಗೆ ಕೂರುತ್ತದೆ ಎಂಬುದಕ್ಕೆ ಕನ್ನಂಬಾಡಿ ಕಟ್ಟೆಗಿಂತ ಒಳ್ಳೆ ಪಾಠಶಾಲೆ ಬೇಡ. ನೀರು ಇಳಿದ ದಿನಗಳಲ್ಲಿ ಕಟ್ಟೆಯ ಕಲ್ಲಿನ ಮೇಲೆ ಅಡ್ಡಪಟ್ಟೆಗಳು ಕಾಣುತ್ತವೆ. ಒಂದಕ್ಕೂ ಅಂಚಿಲ್ಲ, ಒಂದರೊಳಗೊಂದು ಕರಗಿವೆ.

4. ತುಕ್ಕಿಗೆ ಕಡಿವಾಣ.
ಯುದ್ಧನೌಕೆಯಲ್ಲಿ ಕೆರೆದು ಬಣ್ಣ ಬಳಿಯುವುದು ನಾವಿಕರಿಗೆ ದಿನದ ಕೆಲಸ. ಹಾಗಾಗಿ ಲಂಗರಿನ ಸರಪಳಿ ಹೊರಬೀಳುವ ತೂತು, ನೀರು ಚೆಲ್ಲುವ ಕಿಂಡಿ, ಇಷ್ಟರ ಕೆಳಗೆ ತುಕ್ಕು ಇರಲಿ. ಬರ್ನ್ಟ್ ಸಿಯೆನ್ನಾ ಆಯಿಲ್ ಬಣ್ಣದ ಚುಕ್ಕೆ ಇಟ್ಟು, ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದ ಕುಂಚದಿಂದ ನೇರ ಕೆಳಕ್ಕೆ ಎಳೆಯಿರಿ. 1:700ರಲ್ಲಿ 3 ಮಿ.ಮೀ. ಗೆರೆ ಎಂದರೆ ಅಸಲಿಯಲ್ಲಿ 2.1 ಮೀಟರ್. ಕೈ ತಡೆಯಲು ಈ ಲೆಕ್ಕ ಸಾಕು.

5. ಮರ ಕಂದು ಎಂಬ ನಂಬಿಕೆ ಬಿಡಿ.
ಕೆ.ಆರ್.ಪೇಟೆ ಕಡೆ ಹಳೆಯ ತೊಟ್ಟಿಮನೆ ಸಿಕ್ಕರೆ ಕಂಬಗಳನ್ನು ಗಮನಿಸಿ. ಒಳಗಿನ ಮಗ್ಗುಲು ಜೇನಿನ ಕಂದು; ಬಿಸಿಲು ಮಳೆಗೆ ಒಡ್ಡಿದ ಮಗ್ಗುಲು ಬೆಳ್ಳಿಬೂದು. ತೇಗದ ಡೆಕ್ ಸದಾ ಬಿಸಿಲಲ್ಲಿ, ಉಪ್ಪುನೀರಲ್ಲಿ ಇರುತ್ತದೆ. ಮೇಲೆ ಉಜ್ಜಿ ತೊಳೆಯುವುದು ಬೇರೆ. ಅದು ಎರಡನೆಯ ಮಗ್ಗುಲಿನ ಬಣ್ಣ. ಟಾಮಿಯಾದ ‘ಡೆಕ್ ಟ್ಯಾನ್’ಗೆ ತುಸು ಬೂದು ಸೇರಿಸಿದರೆ ಹತ್ತಿರ ಬರುತ್ತದೆ. ಜಪಾನಿನ ‘ಯಮಾಟೊ’ ಕಟ್ಟುವವರು ಗಮನಿಸಿ: ಅದಕ್ಕೆ ಹಾಸಿದ್ದು ಹಿನೋಕಿ ಮರ, ತೇಗಕ್ಕಿಂತ ತಿಳಿ. ಅಮೆರಿಕದ ಯುದ್ಧಕಾಲದ ಹಡಗಾದರೆ ವಿಮಾನದ ಕಣ್ಣಿಗೆ ಬೀಳದಂತೆ ಮರಕ್ಕೂ ಕಡುನೀಲಿ ಹಾಕಿರುವುದುಂಟು. ಫೋಟೋ ನೋಡದೆ ಕೈ ಹಾಕಬೇಡಿ.

ಹಲಗೆ 20 ಸೆಂ.ಮೀ. ಅಗಲ ಎಂದಿಟ್ಟುಕೊಂಡರೂ 1:700ರಲ್ಲಿ ಅದು 0.3 ಮಿ.ಮೀ. ಮುಟ್ಟುವುದಿಲ್ಲ. ಅಲ್ಲಿ ಹಲಗೆ ಹಲಗೆಗೆ ಬಣ್ಣ ಬದಲಿಸಿದರೆ ಡೆಕ್ ಜಮಖಾನೆಯಂತಾಗುತ್ತದೆ. ಒಂದೇ ಬಣ್ಣ, ಅಲ್ಲಲ್ಲಿ ಉದ್ದುದ್ದಕ್ಕೆ ತೆಳುವಾದ ಛಾಯೆ ಸಾಕು. 1:350ರಲ್ಲಿ ಮೂರು ನಾಲ್ಕು ಛಾಯೆ ಆಡಿಸಬಹುದು. ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸವಿರಲಿ, ಪಕ್ಕಪಕ್ಕದ ಹಲಗೆಗಳ ಕೀಲು ಒಂದೇ ಸಾಲಿಗೆ ಬಾರದಿರಲಿ. ಅಕ್ರಿಲಿಕ್ ಒಣಗಿದ ಮೇಲೆ ಹೊಳಪಿನ ವಾರ್ನಿಷ್, ಅದರ ಮೇಲೆ ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ರಾ ಅಂಬರ್ ಆಯಿಲ್. ಕ್ಯಾಮ್ಲಿನ್ ಟ್ಯೂಬು ಸಾಕು, ಆಮದು ಮಾಲು ಬೇಕಿಲ್ಲ. ಸಂದಿಗೆ ಕಪ್ಪು ಮಾತ್ರ ಬೇಡ. ಕಿಟ್‌ನ ಗೀರುಗಳೇ ಅಳತೆ ಮೀರಿ ಅಗಲ.

ಡೆಕ್ಕೆಲ್ಲ ಮರವಲ್ಲ ಎಂಬುದೂ ನೆನಪಿರಲಿ. ಸರಪಳಿ ಉಜ್ಜುವ ಮೂತಿಯ ಜಾಗದಲ್ಲಿ ಉಕ್ಕಿನ ತಗಡು, ಅಂಚಿನುದ್ದಕ್ಕೂ ಬೂದು ಪಟ್ಟಿ. ಆ ಒಂದು ಪಟ್ಟಿ ಬಳಿದರೆ ಡೆಕ್ ಹಡಗಿನೊಳಗೆ ಕೂತುಬಿಡುತ್ತದೆ.

6. ಪ್ರೊಪೆಲ್ಲರ್‌ಗೆ ಚಿನ್ನ ಬೇಡ.
ಅದರ ಬಣ್ಣ ಕಂಚಿನದು. ನಾಗಮಂಗಲ ಕಂಚಿನ ಕೆಲಸಕ್ಕೆ ಹೆಸರಾದ ಊರು. ಬಳಸಿ ಮಾಸಿದ ಕಂಚಿನ ಪಾತ್ರೆ ಒಂದನ್ನು ಎದುರಿಗಿಟ್ಟುಕೊಂಡು ಬಣ್ಣ ಕಲಸಿ.

7. ಹವೆ ನೋಡಿ ಏರ್‌ಬ್ರಶ್ ಹಿಡಿಯಿರಿ.
ಮಾರ್ಚ್ ಏಪ್ರಿಲ್‌ನಲ್ಲಿ ಏರ್‌ಬ್ರಶ್ಶಿನ ಬಣ್ಣ ಮೈ ತಲುಪುವ ಮೊದಲೇ ಒಣಗಿ ಪುಡಿಯಾಗುತ್ತದೆ. ಬೆಳಗಿನ ಹೊತ್ತು ಮಾಡಿ, ಇಲ್ಲವೇ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿ. ಮಳೆ ಹಿಡಿದ ದಿನ ಲ್ಯಾಕರ್ ಹಾಲಿನಂತೆ ಮಬ್ಬಾಗುತ್ತದೆ, ಅವತ್ತು ಬೇರೆ ಕೆಲಸ ನೋಡಿಕೊಳ್ಳಿ. ಪಾಂಡವಪುರದ ಸುತ್ತ ಇನ್ನೊಂದು ಕಾಟ: ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿದ ಕರಿ ಹಾರಿಬಂದು ಹಸಿ ವಾರ್ನಿಷ್ ಮೇಲೆ ಕೂರುತ್ತದೆ. ಡಬ್ಬ ಕವುಚಿ ಒಣಗಿಸಿ.

8. ಹೊಳಪು ಪೂರಾ ತೆಗೆಯಿರಿ.
ಕೊನೆಯ ಮ್ಯಾಟ್ ವಾರ್ನಿಷ್ ಎರಡು ತೆಳು ಪದರವಾಗಲಿ. ಹಗ್ಗದ ಎಳೆ, ಬಾವುಟ ಆಮೇಲೆ ಕಟ್ಟಿ. ಬಣ್ಣ ಸರಿಯೇ ಎಂದು ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನಿಸದೆ ಜಗಲಿಗೆ ಒಯ್ದು ಹಗಲಿನಲ್ಲಿ ನೋಡಿ. 169 ಮೀಟರಿನ ಹಳೆಯ ಮೈಸೂರು 1:700ರಲ್ಲಿ 24 ಸೆಂ.ಮೀ.; ಒಂದೇ ಕೈಯಲ್ಲಿ ಎತ್ತಬಹುದು, ಆದರೆ ಹಿಡಿಯುವುದು ಕೆಳಮೈಯನ್ನು, ಅದೂ ಬಟ್ಟೆ ಸುತ್ತಿ.